ತೊಟ್ಟೂ ಬೀಳದೆ ಖಾಲಿಯಾಗುತ್ತಿದ್ದ ಕೂಲೆಂಟ್: ನನ್ನ ಹಳೇ ಕಾರಿನ ಸೋರಿಕೆ ಹುಡುಕಿದ ಕಥೆ

ಕಾರಿನ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕಡಿಮೆಯಾಗುತ್ತಲೇ ಇದೆ, ಆದರೆ ಗಾಡಿ ಕೆಳಗೆ ಒಂದು ತೊಟ್ಟೂ ಕಾಣುತ್ತಿಲ್ಲ. ಇಂಥ ಪರಿಸ್ಥಿತಿಯಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಗಾಡಿಯ ರಿಪೇರಿ ಈಗಷ್ಟೇ ಮುಗಿದಿದೆ. ಯುಗಾದಿ ಆದಮೇಲೆ ಶುರುವಾದ ತಲೆನೋವು ಬಗೆಹರಿದದ್ದು ಮುಂಗಾರು ಹಿಡಿದ ಮೇಲೆ. ಅಷ್ಟರೊಳಗೆ ಒಂದು ಗ್ಯಾರೇಜಿನಲ್ಲಿ ಇಂಜಿನ್ ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಬೇಕು ಎಂದಿದ್ದರು. ಗಾಡಿಯನ್ನೇ ಗುಜರಿಗೆ ಹಾಕಿ ಅಂತಲೂ ಹೇಳಿದ್ದರು. ಕೊನೆಗೆ ಸಿಕ್ಕಿದ್ದು ಇಂಜಿನ್ ಹಿಂದೆ ಅಡಗಿದ್ದ ಒಂದು ಕಬ್ಬಿಣದ ಪೈಪಿನಲ್ಲಿ ಕಣ್ಣಿಗೆ ಕಷ್ಟಪಟ್ಟು ಕಾಣುವಂಥ ಒಂದು ತೂತು.

ಗಾಡಿ 2008ರ ಮಾಡೆಲ್, ಪೆಟ್ರೋಲ್, ನಾಲ್ಕು ಸಿಲಿಂಡರಿನ ಸಣ್ಣ ಕಾರು. ಅಪ್ಪ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಅವರು ಹೋದಮೇಲೆ ನನ್ನ ಹೆಸರಿಗೆ ಮಾಡಿಸಿಕೊಂಡೆ. ಹಾಸನದಿಂದ ಬೇಲೂರು ಕಡೆಗೆ ದಿನಾ ಶಾಲೆಗೆ ಹೋಗಿಬರುವುದು ಇದರಲ್ಲೇ. ಲಕ್ಷ ಕಿಲೋಮೀಟರ್ ದಾಟಿದೆ. ಅಲ್ಲಿಯವರೆಗೆ ಎಲ್ಲೂ ಕೈಕೊಟ್ಟಿರಲಿಲ್ಲ.

ಭಾನುವಾರ ಗಾಡಿ ತೊಳೆಯುವಾಗ ಬಾನೆಟ್ ಎತ್ತಿ ಆಯಿಲ್, ಕೂಲೆಂಟ್ ನೋಡುವುದು ಅಪ್ಪನಿಂದ ಬಂದ ಅಭ್ಯಾಸ. ಒಂದು ಭಾನುವಾರ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಕೆಳಗಿತ್ತು. ಮೇಲಿನ ಗೆರೆಯವರೆಗೆ ತುಂಬಿಸಿದೆ. ಎರಡು ಮೂರು ವಾರದಲ್ಲಿ ಮತ್ತೆ ಅಷ್ಟೇ ಇಳಿದಿತ್ತು. ಬೇಸಿಗೆ ಅಲ್ವಾ, ಆವಿಯಾಗಿರಬೇಕು ಅಂದರು ಮನೆಯಲ್ಲಿ. ಆದರೆ ಕೂಲೆಂಟ್ ಇರುವುದು ಮುಚ್ಚಿದ ವ್ಯವಸ್ಥೆಯಲ್ಲಿ. ಡಬ್ಬಿಯಿಂದ ವರ್ಷಕ್ಕೆ ಸ್ವಲ್ಪ ಇಳಿದರೆ ಇಳಿಯಬಹುದು. ವಾರಗಳಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಇಂಜಿನ್ ಒಳಗೆ ಸುಡುತ್ತಿದೆ.

ಇಲ್ಲೇ ಒಂದು ಮಾತು. ಡಬ್ಬಿ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಇಂಜಿನ್ ಬಿಸಿಯಾದಾಗ ಕೂಲೆಂಟ್ ಹಿಗ್ಗಿ ರೇಡಿಯೇಟರ್‌ನಿಂದ ಡಬ್ಬಿಗೆ ಬರುತ್ತದೆ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತದೆ. ಎಲ್ಲಾದರೂ ಸೋರಿಕೆ ಇದ್ದರೆ ತಣ್ಣಗಾಗುವಾಗ ಆ ತೂತಿನಿಂದ ಗಾಳಿ ಒಳಗೆ ಹೋಗಿ, ಡಬ್ಬಿಯ ಕೂಲೆಂಟ್ ಅಲ್ಲೇ ಉಳಿಯಬಹುದು. ಆಗ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಾಗಿರುತ್ತದೆ. ಹಾಗಾಗಿ ಬೆಳಿಗ್ಗೆ, ಗಾಡಿ ಪೂರ್ತಿ ತಣ್ಣಗಿರುವಾಗ, ರೇಡಿಯೇಟರ್ ಕ್ಯಾಪ್ ತೆಗೆದು ಬಾಯಿಯವರೆಗೆ ಇದೆಯಾ ನೋಡಬೇಕು. ಬಿಸಿ ಇರುವಾಗ ಆ ಕ್ಯಾಪ್ ಮುಟ್ಟಲೇಬಾರದು. ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ನಮ್ಮ ಬೀದಿಯಲ್ಲೇ ಒಬ್ಬರ ಮೊಣಕೈವರೆಗೂ ಸುಟ್ಟ ಗುರುತು ಇದೆ.

ಮನೆ ಹತ್ತಿರದ ಮೆಕ್ಯಾನಿಕ್ ಹುಡುಗ ಮೊದಲು ನೋಡಿದ. "ಅಕ್ಕ, ಕ್ಯಾಪಿನ ರಬ್ಬರ್ ಕಲ್ಲಾಗಿದೆ ನೋಡಿ" ಎಂದು ಉಗುರಿನಿಂದ ಕೆರೆದು ತೋರಿಸಿದ. ನಿಜವಾಗಲೂ ಬಿರುಕು ಬಿಟ್ಟಿತ್ತು. ಕ್ಯಾಪ್ ಮೇಲೆ 0.9 ಅಂತ ಬರೆದಿತ್ತು. ಅಂದರೆ 0.9 ಬಾರ್ ಒತ್ತಡದವರೆಗೆ ಅದು ಹಿಡಿದಿಟ್ಟುಕೊಳ್ಳಬೇಕು. ಪ್ರೆಶರ್ ಕುಕ್ಕರ್ ಕೆಲಸ ಮಾಡುವ ರೀತಿಯೇ ಇದು ಕೂಡ. ಹಾಸನದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಅದೇ ನೀರು 0.9 ಬಾರ್ ಒತ್ತಡದಲ್ಲಿದ್ದರೆ 115 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕೂಲೆಂಟ್ ಬೆರೆತಿದ್ದರೆ ಇನ್ನೂ ಮೇಲೆ. ಕ್ಯಾಪ್ ಸಡಿಲವಾದರೆ ಆ ರಕ್ಷಣೆ ಹೋಗುತ್ತದೆ. 280 ರೂಪಾಯಿ ಕೊಟ್ಟು ಹೊಸ ಕ್ಯಾಪ್ ಹಾಕಿಸಿದೆ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯೇ ಇರಬೇಕು. ಜಾಸ್ತಿ ಒತ್ತಡದ ಕ್ಯಾಪ್ ಹಾಕಿದರೆ ಒಳ್ಳೆಯದು ಅಂತ ಅಂಗಡಿಯವರು ಹೇಳಿದರೂ ತೆಗೆದುಕೊಳ್ಳಬೇಡಿ. ಹಳೇ ಹೋಸುಗಳು (ಕೂಲೆಂಟ್ ಹರಿಯುವ ರಬ್ಬರ್ ಪೈಪುಗಳು) ತಡೆಯುವುದಿಲ್ಲ.

ಹೊಸ ಕ್ಯಾಪ್ ಹಾಕಿದ ಮೇಲೆ ಕೂಲೆಂಟ್ ಇಳಿಯುವುದು ಕಡಿಮೆಯಾಗಬೇಕಿತ್ತು. ಜಾಸ್ತಿ ಆಯಿತು. ಆಗ ಅರ್ಥವಾಗಲಿಲ್ಲ, ಈಗ ಗೊತ್ತು. ಹಳೇ ಕ್ಯಾಪ್ ಒತ್ತಡವನ್ನು ಬಿಟ್ಟುಬಿಡುತ್ತಿತ್ತು. ಹೊಸದು ಸರಿಯಾಗಿ ಹಿಡಿದುಕೊಂಡಿತು. ಒಳಗೆ ಒತ್ತಡ ಏರಿದಾಗ, ಅದುವರೆಗೆ ಸುಮ್ಮನೆ ಒಸರುತ್ತಿದ್ದ ತೂತು ಚಿಮ್ಮಲು ಶುರುಮಾಡಿತು. ಕ್ಯಾಪ್ ಬದಲಾಯಿಸಿದ ಮೇಲೆ ಸೋರಿಕೆ ಹೆಚ್ಚಾದರೆ ಕ್ಯಾಪ್ ಕೆಟ್ಟದ್ದು ಅಂದುಕೊಳ್ಳಬೇಡಿ. ಬೇರೆ ಕಡೆ ತೂತಿದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಮೇ ತಿಂಗಳ ರಜೆಯಲ್ಲಿ ಅಮ್ಮನನ್ನು ಕುಕ್ಕೆಗೆ ಕರೆದುಕೊಂಡು ಹೋದೆ. ಹೊರಡುವ ಬೆಳಿಗ್ಗೆ ರೇಡಿಯೇಟರ್ ಬಾಯಿಯವರೆಗೆ ತುಂಬಿಸಿದ್ದೆ. ಹೋಗುವಾಗ ಶಿರಾಡಿ ಘಾಟಿ ಇಳಿಜಾರು, ಏನೂ ತೊಂದರೆಯಿಲ್ಲ. ವಾಪಸ್ ಬರುವಾಗ ಗುಂಡ್ಯದಿಂದ ಏರು. ಮುಂದೆ ಸಾಲುಸಾಲು ಲಾರಿಗಳು, ಸೆಕೆಂಡ್ ಗೇರಿಗಿಂತ ಮೇಲೆ ಹೋಗಲು ದಾರಿಯಿಲ್ಲ, ಎಸಿ ಓಡುತ್ತಿತ್ತು. ಮಾರನಹಳ್ಳಿ ಹತ್ತಿರ ಬರುವಾಗ ಟೆಂಪರೇಚರ್ ಮುಳ್ಳು ಮಧ್ಯದ ಗೆರೆ ದಾಟಿತು. ನೋಡನೋಡುತ್ತಿದ್ದಂತೆ ಮುಕ್ಕಾಲಿಗೆ ಬಂತು. ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಫ್ಯಾನ್ ಜೋರಾಗಿ ಇಟ್ಟೆ. ಮೇ ತಿಂಗಳಲ್ಲಿ ಹೀಟರ್ ಯಾಕೆ ಅಂತ ಅಮ್ಮ ಗಾಬರಿಯಾದರು. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿಯನ್ನು ಅದು ಹೊರಗೆ ಹಾಕುತ್ತದೆ. ಮುಳ್ಳು ನಿಂತಲ್ಲೇ ನಿಂತಿತು. ಸ್ವಲ್ಪ ಅಗಲದ ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ.

ಬಾನೆಟ್ ಎತ್ತಿದಾಗ ಹಿಂದಿನ ಕಡೆಯಿಂದ ತೆಳುವಾಗಿ ಹಬೆ ಬರುತ್ತಿತ್ತು. ಬಿಸಿ ಬೆಲ್ಲದ ಥರ ಸಿಹಿ ವಾಸನೆ. ಅದು ಕೂಲೆಂಟಿನದೇ ವಾಸನೆ. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಕೆಳಗೆ ಬಗ್ಗಿ ನೋಡಿದೆ. ರಸ್ತೆ ಒಣಗಿತ್ತು.

ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಅಮ್ಮನನ್ನು ರಸ್ತೆಯಿಂದ ದೂರ, ಬಂಡೆ ಪಕ್ಕದ ನೆರಳಿನಲ್ಲಿ ಕೂರಿಸಿದೆ. ತಿರುವಿನಲ್ಲಿ ಲಾರಿಗಳು ಬರುವ ರಭಸ ನೋಡಿದರೆ ಗಾಡಿಯೊಳಗೆ ಕೂರುವುದು ಕ್ಷೇಮ ಅನಿಸಲಿಲ್ಲ. ಹಝಾರ್ಡ್ ಲೈಟ್ ಹಾಕಿ, ತ್ರಿಕೋನದ ಬೋರ್ಡನ್ನು ಹಿಂದೆ ಇಟ್ಟು ಬಂದೆ. ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಕೇಳಿದರು. "ರೇಡಿಯೇಟರ್‌ಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿಬಿಡಿ ಮೇಡಂ, ತೂತು ಮುಚ್ಚುತ್ತೆ, ನಾವೆಲ್ಲ ಮಾಡ್ತಿದ್ದೆವು" ಅಂದರು. ಅವರದು ಒಳ್ಳೆಯ ಮನಸ್ಸು. ಹಿಂದಿನ ಕಾಲದ ದೊಡ್ಡ ತಾಮ್ರದ ರೇಡಿಯೇಟರ್‌ಗಳಲ್ಲಿ ಅದು ನಡೆದಿರಬಹುದು. ಇವತ್ತಿನ ಅಲ್ಯೂಮಿನಿಯಂ ರೇಡಿಯೇಟರ್‌ನ ಕೊಳವೆಗಳು ತುಂಬಾ ಕಿರಿದು. ಪುಡಿ ತೂತನ್ನಷ್ಟೇ ಮುಚ್ಚುವುದಿಲ್ಲ, ದಾರಿಯನ್ನೂ ಮುಚ್ಚುತ್ತದೆ. ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಪುಡಿ, ದ್ರವಗಳಿಗೂ ಇದೇ ಮಾತು. ಬೇಡ ಅಂದೆ. ಅವರು ಎರಡು ಬಾಟಲಿ ನೀರು ಕೊಟ್ಟು ಹೋದರು. ಅದು ದೊಡ್ಡ ಉಪಕಾರ.

ಮುಕ್ಕಾಲು ಗಂಟೆಗಿಂತ ಜಾಸ್ತಿಯೇ ಕಾದಿರಬೇಕು. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ, ಕ್ಯಾಪಿನ ಮೇಲೆ ದಪ್ಪ ಬಟ್ಟೆ ಹಾಕಿ, ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ನಿಲ್ಲಿಸಿದೆ. ಉಳಿದಿದ್ದ ಗಾಳಿ ಪೂರ್ತಿ ಹೋದ ಮೇಲೆ ತೆಗೆದು ನೀರು ಹಾಕಿದೆ. ಇಂಜಿನ್ ಬಿಸಿ ಇರುವಾಗಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಅಪಾಯ ಇದೆ. ಕಾಯುವುದು ಎಷ್ಟೇ ಕಷ್ಟವಾದರೂ ಕಾಯಬೇಕು. ಆಮೇಲೆ ಎಸಿ ಇಲ್ಲದೆ, ಮುಳ್ಳಿನ ಮೇಲೆ ಒಂದು ಕಣ್ಣಿಟ್ಟು, ನಿಲ್ಲಿಸಿ ನಿಲ್ಲಿಸಿ ಸಕಲೇಶಪುರ ತಲುಪಿದೆವು. ಮುಳ್ಳು ಮತ್ತೆ ಮಧ್ಯ ದಾಟಲಿಲ್ಲ. ದಾಟಿದ್ದರೆ ಅಲ್ಲೇ ಬಿಟ್ಟು ಟೋ ಮಾಡಿಸುತ್ತಿದ್ದೆ.

ಟೋ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮನೆಗೆ ಬಂದು ಇನ್ಶೂರೆನ್ಸ್ ಪಾಲಿಸಿ ತೆಗೆದು ಪೂರ್ತಿ ಓದಿದೆ. ಮೆಕ್ಯಾನಿಕಲ್ ತೊಂದರೆ, ಸವೆತ ಇವುಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದಿಲ್ಲ. ಅಪಘಾತ, ಕಳ್ಳತನ, ಬೆಂಕಿ, ಪ್ರವಾಹದಂಥ ನಷ್ಟಕ್ಕೆ ಮಾತ್ರ. ದಾರಿಯಲ್ಲಿ ನಿಂತರೆ ಎತ್ತಿಕೊಂಡು ಹೋಗುವ ರೋಡ್‌ಸೈಡ್ ಅಸಿಸ್ಟೆನ್ಸ್ ಬೇಕಿದ್ದರೆ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ನನ್ನ ಪಾಲಿಸಿಯಲ್ಲಿ ಅದು ಇರಲಿಲ್ಲ. ಹಳೇ ಗಾಡಿಗೆ ಥರ್ಡ್ ಪಾರ್ಟಿ ಮಾತ್ರ ಮಾಡಿಸುವವರು ಬಹಳ ಜನ. ಘಾಟಿಯಲ್ಲಿ ಓಡಾಡುವವರು ಮುಂದಿನ ಸಲ ರಿನ್ಯೂ ಮಾಡಿಸುವಾಗ ಇದನ್ನು ಕೇಳಿ ನೋಡಿ.

ಮರುದಿನ ಊರಿನ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟೆ. ಬೆಳಿಗ್ಗೆ ಬಿಟ್ಟ ಗಾಡಿಗೆ ಸಂಜೆವರೆಗೂ ಯಾರೂ ಕೈ ಹಾಕಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಫೋನ್ ಬಂತು. "ಮೇಡಂ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಬೇಕು. 28 ಸಾವಿರ ಆಗುತ್ತೆ, ಬಿಚ್ಚಿದ ಮೇಲೆ ಜಾಸ್ತೀನೂ ಆಗಬಹುದು." ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿಗೂ ಅದರ ಹೆಡ್‌ಗೂ ನಡುವೆ ಸೋರದಂತೆ ಕೂರಿಸಿದ ತೆಳು ಹಾಳೆ; ಫೇಸಿಂಗ್ ಅಂದರೆ ಹೆಡ್‌ನ ಮೈಯನ್ನು ಉಜ್ಜಿ ಸಮ ಮಾಡುವುದು. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಹೊರಗೆ ಸೋರುತ್ತಿಲ್ಲ, ಓವರ್ ಹೀಟ್ ಆಗಿದೆ, ಅಂದಮೇಲೆ ಅದೇ ಅಂದರು. ಏನಾದರೂ ಟೆಸ್ಟ್ ಮಾಡಿದ್ದೀರಾ ಅಂದೆ. ಅನುಭವದ ಮೇಲೆ ಹೇಳ್ತಿದ್ದೀವಿ ಅಂದರು. ಜೊತೆಗೆ, ಇಷ್ಟು ಹಳೇ ಗಾಡಿಗೆ ಇಷ್ಟು ಖರ್ಚು ಯಾಕೆ, ಕೊಟ್ಟುಬಿಡಿ ಅಂತ ಸಲಹೆ.

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಹಣದ ಚಿಂತೆ ಒಂದು ಕಡೆ. 15 ವರ್ಷ ತುಂಬಿದಾಗ ಎಫ್‌ಸಿ (ಗಾಡಿಯ ಯೋಗ್ಯತಾ ಪರೀಕ್ಷೆ) ಮಾಡಿಸಿ ಆರ್‌ಸಿ ಐದು ವರ್ಷಕ್ಕೆ ನವೀಕರಿಸಿದ್ದೆ. 2022ರ ಏಪ್ರಿಲ್‌ನಿಂದ ಅದರ ಶುಲ್ಕವೇ 5,000 ರೂಪಾಯಿ. ಅದರ ಮೇಲೆ ಹಸಿರು ತೆರಿಗೆ. ಗಾಡಿಯನ್ನು ಪರೀಕ್ಷೆಗೆ ತಯಾರು ಮಾಡಿದ ಖರ್ಚು ಬೇರೆ. ಅದೆಲ್ಲ ಹೋಯಿತಲ್ಲ ಅನಿಸಿತು. ಇನ್ನೊಂದು ಕಡೆ, ಆ ಸ್ಟೀರಿಂಗ್ ಹಿಡಿದು ಅಪ್ಪ ನನಗೆ ಡ್ರೈವಿಂಗ್ ಕಲಿಸಿದ್ದರು. ಯಾರೋ ಟೆಸ್ಟ್ ಕೂಡ ಮಾಡದೆ ಹೇಳಿದ ಮಾತಿಗೆ ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

ಬೆಳಿಗ್ಗೆ ಹೋಗಿ ಎಸ್ಟಿಮೇಟ್ ಬರೆದುಕೊಡಿ ಅಂದೆ. ಏನೇನು ಬದಲಾಯಿಸುತ್ತೀರಿ, ಯಾಕೆ, ಎಷ್ಟು ಅಂತ. ಸ್ವಲ್ಪ ಮುಖ ಗಂಟು ಹಾಕಿದರು, ಆದರೂ ಬರೆದುಕೊಟ್ಟರು. ನೋಡಿದ್ದಕ್ಕೆ 300 ರೂಪಾಯಿ ಕೊಟ್ಟು ಗಾಡಿ ವಾಪಸ್ ತಂದೆ. ದೊಡ್ಡ ಕೆಲಸ ಅಂದಾಗ ಬರಹದಲ್ಲಿ ಕೇಳುವುದು ನಿಮ್ಮ ಹಕ್ಕು. ಬಿಚ್ಚಿದ ಹಳೇ ಪಾರ್ಟ್‌ಗಳನ್ನು ವಾಪಸ್ ಕೊಡಬೇಕು ಅಂತಲೂ ಮೊದಲೇ ಹೇಳಿ.

ಹೆಡ್ ಗ್ಯಾಸ್ಕೆಟ್ ಹೋದರೆ ಕೆಲವು ಲಕ್ಷಣ ಕಾಣಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ, ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದಂಥ ಕೆನೆ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದೆ ಬರುವ ಬಿಳಿ ಹೊಗೆ. ಕ್ಯಾಪ್ ತೆಗೆದು ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದಾಗ ರೇಡಿಯೇಟರ್ ಬಾಯಲ್ಲಿ ಒಂದೇ ಸಮನೆ ಗುಳ್ಳೆ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು. ಎಲ್ಲವೂ ಒಟ್ಟಿಗೆ ಕಾಣಬೇಕು ಅಂತಿಲ್ಲ. ನನ್ನ ಗಾಡಿಯಲ್ಲಿ ಒಂದೂ ಇರಲಿಲ್ಲ.

ಹಾಗಾದರೆ ಹೊರಗೇ ಹೋಗುತ್ತಿರಬೇಕು. ರಾತ್ರಿ ಗಾಡಿ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದೆ. ಬೆಳಿಗ್ಗೆ ಒಂದು ಕಲೆ ಸಿಕ್ಕಿತು, ಬಣ್ಣವಿಲ್ಲ, ವಾಸನೆಯಿಲ್ಲ, ಎಡಗಡೆ ಮುಂದಿನ ಸೀಟಿನ ಕೆಳಗೆ. ಅದು ಎಸಿಯ ನೀರು. ಹಿಂದಿನ ಸಂಜೆ ಎಸಿ ಹಾಕಿಕೊಂಡು ಬಂದಿದ್ದೆ. ಇದರಿಂದ ಮೋಸ ಹೋಗುವವರು ತುಂಬಾ ಜನ. ಪರೀಕ್ಷೆ ಮಾಡುವ ದಿನ ಎಸಿ ಹಾಕಬೇಡಿ. ಒಳಗೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿ ನೋಡಿದೆ, ಒಣಗಿತ್ತು. ಹೀಟರಿನ ಒಳಗಿನ ಪುಟ್ಟ ರೇಡಿಯೇಟರ್ ಸೋರಿದರೆ ಅಲ್ಲಿ ಒದ್ದೆಯಾಗುತ್ತದೆ, ಮುಂದಿನ ಗಾಜಿನ ಒಳಮೈಗೆ ಜಿಡ್ಡು ಮಬ್ಬು ಕೂರುತ್ತದೆ. ಅದೂ ಇಲ್ಲ. ರೇಡಿಯೇಟರ್ ಮುಂದೆ ಹಿಂದೆ ಟಾರ್ಚ್ ಹಾಕಿ ನೋಡಿದೆ. ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚಿನಲ್ಲಿ ಸಾಮಾನ್ಯವಾಗಿ ಸೋರುತ್ತದಂತೆ. ಅದೂ ಸ್ವಚ್ಛ. ಹೋಸ್ ಕ್ಲಿಪ್‌ಗಳ ಸುತ್ತ ಬಿಳಿ ಟಿಶ್ಯೂ ಪೇಪರ್ ಒತ್ತಿ ನೋಡಿದೆ. ಒಣಗಿದ್ದವು.

ಸಿಕ್ಕಿದ್ದು ಒಂದೇ ಒಂದು ಸುಳಿವು. ಇಂಜಿನ್ ಹಿಂಭಾಗದಲ್ಲಿ, ಗೇರ್ ಬಾಕ್ಸಿನ ಮೇಲ್ಮೈಯಲ್ಲಿ, ಬಿಳಿ ಮಿಶ್ರಿತ ಹಸಿರು ಪುಡಿ ಒಣಗಿ ಕೂತಿತ್ತು. ಕೈಯಲ್ಲಿ ಒರೆಸಿದರೆ ಉಪ್ಪಿನ ಹರಳಿನಂತೆ ಸಿಕ್ಕಿತು. ಫೋಟೋ ತೆಗೆದಿಟ್ಟುಕೊಂಡೆ. ಫೋಟೋ ತೆಗೆದು, ಆಮೇಲೆ ಒರೆಸಿ ಸ್ವಚ್ಛ ಮಾಡಿ, ಮತ್ತೆ ಎಲ್ಲಿ ಕಾಣಿಸುತ್ತದೆ ಅಂತ ನೋಡುವುದು ಒಳ್ಳೆಯ ಉಪಾಯ. ಎರಡು ದಿನ ಶಾಲೆ ಕಡೆ ಓಡಿಸಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂತು.

ಆ ಫೋಟೋ ಹಿಡಿದುಕೊಂಡು, ಸಹೋದ್ಯೋಗಿಯೊಬ್ಬರು ಹೇಳಿದ ಹಳೇ ಮೇಸ್ತ್ರಿ ಹತ್ತಿರ ಹೋದೆ. ಬಿ.ಎಂ. ರಸ್ತೆಯಿಂದ ಒಳಗೆ ಒಂದು ಶೆಡ್. ಸರದಿ ಬರಲು ಕೆಲವು ದಿನ ಕಾಯಬೇಕಾಯಿತು. ಫೋಟೋ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಪ್ರೆಶರ್ ಟೆಸ್ಟ್ ಮಾಡಿದಾರಾ ಅಮ್ಮ?" ಇಲ್ಲ ಅಂದೆ. "ಮತ್ತೆ ಹೆಡ್ಡು ಹೋಗಿದೆ ಅಂತ ಹೆಂಗೆ ಹೇಳಿದ್ರು?" ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಪ್ರೆಶರ್ ಟೆಸ್ಟರ್ ಅಂದರೆ ಗಡಿಯಾರದ ಮುಖದಂಥ ಮೀಟರ್ ಇರುವ ಒಂದು ಕೈ ಪಂಪು. ರೇಡಿಯೇಟರ್ ಕ್ಯಾಪ್ ತೆಗೆದು ಅದರ ಜಾಗಕ್ಕೆ ಇದನ್ನು ಕೂರಿಸಿ, ಗಾಳಿ ತುಂಬಿ, ಒಳಗೆ ಒತ್ತಡ ಕೊಡುತ್ತಾರೆ. ಇಂಜಿನ್ ತಣ್ಣಗೇ ಇರುತ್ತದೆ, ಸ್ಟಾರ್ಟ್ ಮಾಡುವುದೇ ಇಲ್ಲ. ಹಾಗಾಗಿ ಸೋರಿದ ಕೂಲೆಂಟ್ ಬಿಸಿಗೆ ಆವಿಯಾಗದೆ ಹಸಿಯಾಗಿಯೇ ಕಾಣುತ್ತದೆ. ಸಣ್ಣ ಗ್ಯಾರೇಜುಗಳಲ್ಲಿ ಇದು ಇರುವುದು ಕಡಿಮೆ. ನಿಮ್ಮ ಊರಲ್ಲಿ ಗ್ಯಾರೇಜಿನವರ ಬಳಿ ಇಲ್ಲದಿದ್ದರೆ ರೇಡಿಯೇಟರ್ ರಿಪೇರಿ ಅಂಗಡಿಗಳಲ್ಲಿ ಕೇಳಿ.

ಮೇಸ್ತ್ರಿ ಕ್ಯಾಪ್ ಮೇಲಿದ್ದ ಅಂಕಿ ನೋಡಿ ಮುಳ್ಳನ್ನು 0.9ಕ್ಕೆ ತಂದು ನಿಲ್ಲಿಸಿದರು. ಅದಕ್ಕಿಂತ ಮೇಲೆ ಕೊಡಬಾರದಂತೆ. ಸ್ವಲ್ಪ ಹೊತ್ತು ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ನಿಧಾನವಾಗಿ ಇಳಿಯಲು ಶುರುವಾಯಿತು. ಎಲ್ಲೂ ನೀರು ಕಾಣಲಿಲ್ಲ. ಅವರು ಮತ್ತೆ ಪಂಪ್ ಮಾಡಿ, ಶೆಡ್ಡಿನ ಫ್ಯಾನ್ ಆಫ್ ಮಾಡಿಸಿ, ಕಿವಿಗೊಟ್ಟರು. ಇಂಜಿನ್ ಹಿಂದಿನಿಂದ ಸಣ್ಣ ಸುಯ್ ಶಬ್ದ. ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಇಂಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳು) ಕೆಳಗೆ ಇಳಿಸಿ ಟಾರ್ಚ್ ಹಾಕಿದರು. ನನ್ನನ್ನು ಕರೆದು ತೋರಿಸಿದರು. ಕನ್ನಡಿಯಲ್ಲಿ, ಕಪ್ಪು ಕಬ್ಬಿಣದ ಪೈಪೊಂದರ ಕೆಳಮೈಯಿಂದ, ಕೂದಲೆಳೆಯಷ್ಟು ತೆಳ್ಳಗೆ ಹಸಿರು ನೀರು ಹಿಂದಿನ ಗೋಡೆಗೆ ಚಿಮ್ಮುತ್ತಿತ್ತು. ಪಂಪಿನ ಒತ್ತಡ ಬಿಟ್ಟ ಕೂಡಲೇ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಬಂತು.

ಅಷ್ಟೂ ದಿನದ ಒಗಟು ಅಲ್ಲೇ ಬಗೆಹರಿಯಿತು. ಓಡುವಾಗ ಮಾತ್ರ ಒತ್ತಡ, ಒತ್ತಡ ಇದ್ದಾಗ ಮಾತ್ರ ಸೋರಿಕೆ. ಚಿಮ್ಮಿದ್ದು ಬಿಸಿ ಇಂಜಿನ್ ಮೇಲೆ ಬಿದ್ದು ಅಲ್ಲೇ ಆವಿ. ಉಳಿದ ಪುಡಿ ಗೇರ್ ಬಾಕ್ಸ್ ಮೇಲೆ. ನೆಲಕ್ಕೆ ಬೀಳಲು ತೊಟ್ಟೇ ಉಳಿಯುತ್ತಿರಲಿಲ್ಲ. ರಾತ್ರಿ ರಟ್ಟು ಹಾಸಿದರೆ ಏನು ಸಿಗಬೇಕು?

ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನ ಉಳಿಯಬಾರದು ಅಂತ ಅವರು ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ನೀಲಿ ದ್ರವ ಇರುವ ಗಾಜಿನ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟು, ಇಂಜಿನ್ ಸ್ಟಾರ್ಟ್ ಮಾಡಿ, ಮೇಲಿನ ಗಾಳಿಯನ್ನು ಅದರೊಳಗೆ ಎಳೆಯುತ್ತಾರೆ. ಇಂಜಿನ್ ಒಳಗೆ ಸುಟ್ಟ ಅನಿಲ ಕೂಲೆಂಟಿಗೆ ಬರುತ್ತಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಆ ನೀಲಿ ಹಳದಿಯಾಗುತ್ತದೆ. ನಮ್ಮದು ನೀಲಿಯಾಗಿಯೇ ಉಳಿಯಿತು. ಎರಡೂ ಪರೀಕ್ಷೆಗೆ ಸೇರಿ ಅವರು ತೆಗೆದುಕೊಂಡದ್ದು 500 ರೂಪಾಯಿ. 28 ಸಾವಿರದ ಕೆಲಸಕ್ಕೆ ಒಪ್ಪುವ ಮೊದಲು ಈ 500 ಖರ್ಚು ಮಾಡಿ ಅಂತ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಆ ಪೈಪು ವಾಟರ್ ಪಂಪಿಗೆ ನೀರು ಒಯ್ಯುವ ದಾರಿ. ಇಂಜಿನ್ ಹಿಂದೆ ಉದ್ದಕ್ಕೂ ಹೋಗುತ್ತದೆ. ಬಿಚ್ಚಿದ ಮೇಲೆ ಅದರ ಒಳಗೆ ಸ್ಕ್ರೂಡ್ರೈವರ್ ಆಡಿಸಿ ತೋರಿಸಿದರು. ಕೆಂಪು ಕಿಟ್ಟ ಪದರ ಪದರವಾಗಿ ಉದುರಿತು. ಒಂದು ಕಡೆ ಹೆಬ್ಬೆರಳಿನಿಂದ ಒತ್ತಿದರೆ ತಗ್ಗಾಯಿತು. ಕೂಲೆಂಟ್ ಅಂದರೆ ಬರೀ ಬಣ್ಣದ ನೀರಲ್ಲ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ವರ್ಷಗಳಾದಂತೆ ಅವು ಮುಗಿದುಹೋಗುತ್ತವೆ. ನಮಗಿಂತ ಮೊದಲು ಈ ಗಾಡಿ ಇದ್ದ ಕಡೆ ವರ್ಷಾನುಗಟ್ಟಲೆ ಬೋರ್‌ವೆಲ್ ನೀರನ್ನೇ ಹಾಕಿಕೊಂಡು ಬಂದಿರಬೇಕು ಅಂದರು ಮೇಸ್ತ್ರಿ. ಗಡಸು ನೀರಿನ ಸುಣ್ಣ ಒಳಗೆ ಬಿಳಿಯಾಗಿ ಹತ್ತಿಕೊಂಡಿತ್ತು. ನಮ್ಮ ಕಡೆ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ, ನೀರು ಸಾಕು ಅನ್ನುವ ಮಾತು ಈಗಲೂ ಕೇಳುತ್ತೇನೆ. ಹಿಮಕ್ಕಲ್ಲ, ತುಕ್ಕಿಗಾಗಿ ಬೇಕು.

ಬೆಸುಗೆ ಹಾಕಿಸಬಹುದಾ ಅಂತ ಕೇಳಿದೆ. ಒಂದು ಕಡೆ ಹಾಕಿದರೆ ಪಕ್ಕದಲ್ಲಿ ತೂತಾಗುತ್ತೆ, ಪೈಪೇ ತೆಳುವಾಗಿದೆ ಅಂದರು. ಹೊಸದೇ ಬೇಕು. ಅಲ್ಲಿಂದ ಪಾರ್ಟ್ ಹುಡುಕುವ ಪರ್ವ. ಹಾಸನದ ಸ್ಪೇರ್ಸ್ ಅಂಗಡಿಗಳಲ್ಲಿ ಹೋಸುಗಳಿದ್ದವು, ಈ ಪೈಪು ಯಾರ ಹತ್ತಿರವೂ ಇರಲಿಲ್ಲ. ಮಾಡೆಲ್ ನಿಂತು ವರ್ಷಗಳಾಗಿವೆ. ಕಂಪನಿಯ ಡೀಲರ್ ಹತ್ತಿರ ಆರ್ಡರ್ ಹಾಕಿದರೆ ಬರುವ ದಿನ ಹೇಳಲಾಗದು ಅಂದರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಒಬ್ಬರ ಬಳಿ ಸಿಕ್ಕಿತು. ಹಳೇ ಪೈಪಿನ ಫೋಟೋ ಎರಡೂ ಕಡೆಯಿಂದ ವಾಟ್ಸಾಪ್ ಮಾಡಿದೆ, ಹಣ ಕಳಿಸಿದೆ, ಬಸ್ಸಿನ ಕಾರ್ಗೋದಲ್ಲಿ ಪಾರ್ಸೆಲ್ ಬಂತು.

ಬಂದದ್ದು ಬೇರೆ ಪೈಪು. ಉದ್ದ ಸರಿ, ಬಾಗು ಸರಿ, ಹೀಟರಿಗೆ ಹೋಗುವ ಸಣ್ಣ ಕವಲು ಮಾತ್ರ ಇರಲಿಲ್ಲ. ಅದೇ ಮಾಡೆಲಿನಲ್ಲೂ ವರ್ಷ, ವೇರಿಯಂಟ್ ಮೇಲೆ ಪಾರ್ಟ್ ಬದಲಾಗುತ್ತದೆ. ಅಂಗಡಿಯವರು ಆರ್‌ಸಿ ಕೇಳಿದರು. ಅದರಲ್ಲಿರುವ ಚಾಸಿಸ್ ನಂಬರ್ ಹಾಕಿ ನೋಡಿ ಸರಿಯಾದ ಪಾರ್ಟ್ ನಂಬರ್ ಹುಡುಕಿದರು. ಜಿಎಸ್‌ಟಿ ಬಿಲ್ ಹಾಕಿಸಿಕೊಂಡಿದ್ದರಿಂದ ವಾಪಸ್ ತೆಗೆದುಕೊಂಡರು. ಹೋಗಿಬರುವ ಪಾರ್ಸೆಲ್ ಖರ್ಚು ನನ್ನದೇ. ಅಷ್ಟೂ ದಿನ ಗಾಡಿ ಶೆಡ್ಡಿನಲ್ಲಿ, ನಾನು ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ. ಹಳೇ ಗಾಡಿಗೆ ಪಾರ್ಟ್ ತರಿಸುವವರು ಮೊದಲೇ ಚಾಸಿಸ್ ನಂಬರ್ ಕಳಿಸಿ. ಫೋಟೋ ಮೇಲೆ ಮಾತ್ರ ನಂಬಿಕೆ ಇಡಬೇಡಿ. ಸರಿಯಾದದ್ದು ಕೈಗೆ ಬರುವವರೆಗೆ ಹಳೆಯದನ್ನು ಎಸೆಯಬೇಡಿ.

ಪೈಪು ಬಂದ ಮೇಲೂ ಒಂದು ತೊಡಕು. ಬ್ರಾಕೆಟ್ಟಿನ ಒಂದು ಬೋಲ್ಟ್ ತುಕ್ಕು ಹಿಡಿದು ಅರ್ಧಕ್ಕೆ ಮುರಿಯಿತು. ಅದನ್ನು ಕೊರೆದು ತೆಗೆಯಲು ಲೇತ್‌ನವರು ಬರಬೇಕಾಯಿತು. ಮೇಸ್ತ್ರಿ ಮಧ್ಯಾಹ್ನದ ಊಟ ಬಿಟ್ಟು ಆ ಬೋಲ್ಟ್ ಜೊತೆ ಗುದ್ದಾಡಿದರು. ಪಂಪಿಗೆ ಸೇರುವ ಕಡೆ ಹೊಸ ಓ ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ), ಬಿಚ್ಚಿದ ಕಡೆಗಳಿಗೆಲ್ಲ ಹೊಸ ಗ್ಯಾಸ್ಕೆಟ್. ವಾಟರ್ ಪಂಪಿನ ಪುಲ್ಲಿ ಅಲ್ಲಾಡಿಸಿ ನೋಡಿದರು, ಗಟ್ಟಿಯಾಗಿತ್ತು, ಒಸರಿದ ಗುರುತೂ ಇರಲಿಲ್ಲ. ಅದಕ್ಕೆ ಕೈ ಹಾಕಲಿಲ್ಲ. ಟೈಮಿಂಗ್ ಬೆಲ್ಟ್ ಬದಲಾಯಿಸುವ ಸಮಯ ಬಂದಿರುವವರು ಮಾತ್ರ ಪಂಪನ್ನೂ ಅದರ ಜೊತೆಗೇ ಹಾಕಿಸಿ. ಅನೇಕ ಗಾಡಿಗಳಲ್ಲಿ ಎರಡಕ್ಕೂ ಬಿಚ್ಚುವ ಕೂಲಿ ಒಂದೇ.

ಒಳಗಿನ ತುಕ್ಕು ನೀರು ತಿಳಿಯಾಗುವವರೆಗೆ ತೊಳೆದರು. ಆಮೇಲೆ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಒಟ್ಟು ನಾಲ್ಕು ಲೀಟರ್ ಸುಮಾರು. ಹಿಂದೆ ಇದ್ದ ಬಣ್ಣದ ಮೇಲೆ ಬೇರೆ ಬಗೆಯದನ್ನು ಬೆರೆಸಬಾರದು. ಹಳೆಯದನ್ನು ಪೂರ್ತಿ ತೊಳೆದ ಮೇಲೆ, ಗಾಡಿಯ ಕೈಪಿಡಿಯಲ್ಲಿ ಹೇಳಿದ್ದನ್ನೇ ಹಾಕಬೇಕು. ಗಾಳಿ ತೆಗೆಯುವುದು ಇನ್ನೂ ಮುಖ್ಯ. ಗಾಡಿಯ ಮೂತಿ ಮೇಲೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಕ್ಯಾಪ್ ಇಲ್ಲದೆ ಓಡಿಸುತ್ತಾ ಗುಳ್ಳೆ ಬಂದಷ್ಟು ಕೂಲೆಂಟ್ ಹಾಕುತ್ತಾ ಹೋದರು. ಮಟ್ಟ ನಿಂತ ಮೇಲೆ ಕ್ಯಾಪ್ ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಾನಾಗಿ ಆನ್ ಆಗಿ ಆಫ್ ಆಗುವವರೆಗೆ ಬಿಟ್ಟರು. ಗಾಳಿ ಉಳಿದರೆ ಸೋರಿಕೆ ಇಲ್ಲದಿದ್ದರೂ ಬಿಸಿ ಏರುತ್ತದೆ. ರಿಪೇರಿ ಸರಿಯಾಗಿಲ್ಲ ಅಂತ ಮೇಸ್ತ್ರಿ ಮೇಲೆ ಸಿಟ್ಟು ಬರುತ್ತದೆ.

ತಣ್ಣಗಾದ ಮೇಲೆ ಮತ್ತೆ ಪ್ರೆಶರ್ ಟೆಸ್ಟ್. ಮುಳ್ಳು 0.9ರಲ್ಲಿ ನಿಂತಿತು. ನಾವು ಟೀ ಕುಡಿದು ಬಂದಾಗಲೂ ಅಲ್ಲೇ ಇತ್ತು. ರಿಪೇರಿ ಆದಮೇಲೆ ಈ ಎರಡನೇ ಟೆಸ್ಟ್ ಮಾಡಿಸದೆ ಗಾಡಿ ತೆಗೆದುಕೊಳ್ಳಬೇಡಿ.

ತೆಗೆದ ಹಳೇ ಕೂಲೆಂಟನ್ನು ಅವರು ಕ್ಯಾನಿಗೆ ಹಾಕಿ ಮುಚ್ಚಿಟ್ಟರು. ಇದನ್ನು ಖಂಡಿತ ಹೇಳಬೇಕು. ಅದು ಸಿಹಿ, ಮತ್ತು ವಿಷ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ. ಸ್ವಲ್ಪವೇ ಸಾಕು. ಮಕ್ಕಳಿಗೂ ಅಪಾಯ. ಮನೆ ಮುಂದೆ ಚೆಲ್ಲಿದ್ದರೆ ನೀರು ಸುರಿದು ಚೆನ್ನಾಗಿ ತೊಳೆಯಿರಿ. ಬಾಟಲಿಯಲ್ಲಿ ಉಳಿದದ್ದನ್ನು ಹೆಸರು ಬರೆದು ಎತ್ತರದಲ್ಲಿ ಇಡಿ. ತಂಪು ಪಾನೀಯದ ಬಾಟಲಿಗೆ ಮಾತ್ರ ಹಾಕಬೇಡಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಪೈಪು 1,150, ಓ ರಿಂಗ್ ಮತ್ತು ಗ್ಯಾಸ್ಕೆಟ್ 420, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ 900, ಬೋಲ್ಟ್ ತೆಗೆಸಿದ್ದು 400, ಕೂಲಿ 2,800, ಪಾರ್ಸೆಲ್‌ಗಳಿಗೆ 350. ಟೆಸ್ಟ್, ಕ್ಯಾಪ್, ಮೊದಲ ಗ್ಯಾರೇಜಿಗೆ ಕೊಟ್ಟದ್ದು ಎಲ್ಲ ಸೇರಿ 7,100 ರೂಪಾಯಿ. ನಿಮ್ಮ ಗಾಡಿ, ನಿಮ್ಮ ಊರಿನ ಮೇಲೆ ಇದು ಬದಲಾಗುತ್ತದೆ.

ಈಗ ಬೆಳಿಗ್ಗೆ ಬಾನೆಟ್ ಎತ್ತಿ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಹಾಕಿದ ಗುರುತು ನೋಡುತ್ತೇನೆ. ಮೊದಲ ಎರಡು ದಿನ ಒಂದು ಚೂರು ಇಳಿಯಿತು, ಉಳಿದಿದ್ದ ಗಾಳಿ ಹೊರಬಂದದ್ದು. ತುಂಬಿಸಿದ ಮೇಲೆ ಅಲ್ಲಾಡಿಲ್ಲ. ಕೂಲೆಂಟ್ ಬದಲಾಯಿಸಿದ ತಾರೀಕು, ಕಿಲೋಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿದ್ದೇನೆ. ಈ ಬಗೆಯ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಕೆಳಗಿನ ಹೋಸ್ ಹಿಂಡಿದರೆ ಸ್ವಲ್ಪ ಮೆತ್ತಗೆ ಉಬ್ಬಿದ ಹಾಗಿದೆ, ಸೋರುತ್ತಿಲ್ಲ. ದಸರಾ ರಜೆಯಲ್ಲಿ ಅದನ್ನು ಬದಲಾಯಿಸಲು ಮೇಸ್ತ್ರಿ ಹತ್ತಿರ ಈಗಲೇ ದಿನ ಕೇಳಿಟ್ಟಿದ್ದೇನೆ. ಹೋಸ್ ಹಾಸನದಲ್ಲೇ ಸಿಗುತ್ತದೆ.